ಪೆನ್ಸಿಲ್ಲಿನಲ್ಲಿ ಬರೆದದ್ದು

ಮೀನಿನ ಪುಸ್ತಕ ಅಂದರೆ ನಮ್ಮೂರಿಗೆ ಅದೊಂದೇ.
ರಟ್ಟು ಹೋಗಿ, ಒಂಟೆಚರ್ಮದ ಹೊದಿಕೆ ಬಂದು,
ಬರೆದವನ ಹೆಸರಿದ್ದ ಹಾಳೆಯನ್ನು
ಯಾರೋ ಹೊಗೆಸೊಪ್ಪು ಸುತ್ತಿ ಸೇದಿಬಿಟ್ಟು,
ಮೂರನೇ ಪುಟದಿಂದಲೇ ಶುರುವಾಗುವ ಪುಸ್ತಕ.
ಅರಾಲ್ ಸಮುದ್ರದ ಮೀನುಗಳು, ಒಂದಕ್ಕೊಂದು ಪುಟ:
ರೆಕ್ಕೆಗೆ ಮುಳ್ಳೆಷ್ಟು, ಪಕ್ಕೆಗೆರೆಗೆ ಹುರುಪೆಯೆಷ್ಟು,
ಯಾವ ತಿಂಗಳು, ಎಷ್ಟು ಆಳದಲ್ಲಿ ಮೊಟ್ಟೆ.
ಬಣ್ಣದ ಮಾತಿಲ್ಲದ ಗದ್ಯ.
ಒಂದೇ ಒಂದು ಕಡೆ, ಸಜಾನ್ ಪುಟದ ಕೊನೆಗೆ,
ಆ ಮನುಷ್ಯ ತಡೆಯಲಾರದೆ ಬರೆದಿದ್ದ:
ಸಂಜೆ ಬಿಸಿಲಿಗೆ ಹಿಡಿದರೆ ಹಿತ್ತಾಳೆ.

ಗ್ರಂಥಾಲಯವೆಂದರೆ ಮೀನು ಕಾರ್ಖಾನೆಯ ಲೆಕ್ಕದ ಕೋಣೆ.
ಕಾರ್ಖಾನೆ ನಿಂತಮೇಲೂ ಬಾಲ್ಜಿರಾ
ಒಂಬತ್ತಕ್ಕೆ ಬಾಗಿಲು ತೆರೆಯುತ್ತಿದ್ದಳು,
ಕಪಾಟಿನ ಮೇಲಿನ ಉಪ್ಪುಧೂಳು ಒರೆಸುತ್ತಿದ್ದಳು.
ನೀರು ಮೊದಲು ಕೂಗಳತೆಯಷ್ಟು ದೂರ ಹೋಯಿತು,
ಆಮೇಲೆ ಒಂಟೆ ಒಂದು ದಿನ ನಡೆದಷ್ಟು,
ಆಮೇಲೆ ಮಾತಿನಲ್ಲಷ್ಟೇ ಉಳಿಯಿತು.

ಒಂದೊಂದು ಮೀನೂ ಬಲೆಗೆ ಬರುವುದು ನಿಂತಾಗ
ಅವಳು ಅದರ ಪುಟ ತೆಗೆದು, ಅಂಚಿನಲ್ಲಿ
ವರ್ಷ ಬರೆದು, ಪಕ್ಕಕ್ಕೆ 'ಇಲ್ಲ' ಎಂದು ಬರೆಯುವಳು.
ತಾಬಾನ್, ಇಲ್ಲ. ಕೋಕ್‌ಸೆರ್ಕೆ, ಇಲ್ಲ.
ಸಜಾನ್‌ಗೆ ಎರಡು ಚಳಿಗಾಲ ಕಾದಳು,
ಆಮೇಲೆ ಅದಕ್ಕೂ.
ಉಳಿದದ್ದು ದೂರದ ಅಜೋವ್‌ನಿಂದ ತಂದುಬಿಟ್ಟ
ಚಪ್ಪಟೆ ಮೀನು, ಎರಡು ಕಣ್ಣೂ ಒಂದೇ ಬದಿಗೆ.
ಅದಕ್ಕೆ ಪುಸ್ತಕದಲ್ಲಿ ಪುಟವೇ ಇರಲಿಲ್ಲ.

ನನಗಾಗ ಹತ್ತು ವರ್ಷ. ಸಮುದ್ರ ನೋಡಿರಲಿಲ್ಲ.
ಮರಳಲ್ಲಿ ವಾಲಿದ ಹಡಗಿನ ನೆರಳಿಗೆ ಕೂತು ಓದುತ್ತಿದ್ದೆ,
ಬೇರೆ ಮಕ್ಕಳು ರಾಕ್ಷಸರ ಕತೆ ಓದುವಂತೆ:
ಮೂತಿಗೆ ನಾಲ್ಕು ಮೀಸೆ, ಆಳೆತ್ತರದ ಪಿಲ್ಮಾಯ್,
ಸಿರ್ ನದಿ ಏರಿ ಬರುವಾಗ ಬೆನ್ನು ನೀರಿಂದಾಚೆ ಕಾಣುವುದಂತೆ.
ನಿಜವಾ ಅಂದೆ.
'ಪುಸ್ತಕ ಸುಳ್ಳು ಹೇಳೊಲ್ಲ. ಹಳೇದಾಗತ್ತೆ, ಅಷ್ಟೆ.'
ಮತ್ತೆ ಪೆನ್ಸಿಲ್ಲಲ್ಲಿ ಯಾಕೆ ಬರೀತೀ?
ಅವಳು ಕನ್ನಡಕ ತೆಗೆದು ಒರೆಸಿಕೊಂಡಳು.
'ಶಾಯಿ ಹೆಪ್ಪುಗಟ್ಟತ್ತೆ ಈ ಚಳಿಗೆ.'
ಆಗ ಜೂನ್ ತಿಂಗಳು.
ಕಿಟಕಿಯ ಗಾಜು ಮುಟ್ಟಿದರೆ ಸುಡುತ್ತಿತ್ತು.

ಅಣೆಕಟ್ಟಿನ ಕತೆ ಬೇರೆಯವರು ಬರೆದಿದ್ದಾರೆ, ಘನಮೀಟರುಗಳಲ್ಲಿ.
ಮೊದಲಿನದು ಮರಳಿನದು, ಕೊಚ್ಚಿಹೋಯಿತು.
ಆಮೇಲೆ ಕಾಂಕ್ರೀಟು ಬಂತು, ನಿಂತಿತು.
ನಾನು ಕಂಡದ್ದು ಇಷ್ಟು: ಒಂದು ಏಪ್ರಿಲ್ ಬೆಳಗ್ಗೆ
ಮುದುಕ ತುಲೆಬೆರ್ಗೆನ್, ತೊಡೆಮಟ್ಟದ ಬೂಟಿನಲ್ಲೇ,
ತೊಟ್ಟಿಕ್ಕುತ್ತ ಒಳಗೆ ನುಗ್ಗಿ
ಸಾಲ ಕೊಟ್ಟ ಪುಸ್ತಕಗಳ ರಿಜಿಸ್ಟರಿನ ಮೇಲೇ
ಒಂದು ಮೀನು ಇಟ್ಟ.
'ಇದ್ಯಾವುದು ನೋಡಮ್ಮ, ನನಗೆ ಮರೆತುಹೋಗಿದೆ.'
ಅವನಿಗೆ ಮರೆತಿರಲಿಲ್ಲ.

ಬಾಲ್ಜಿರಾ ಮುಳ್ಳು ಎಣಿಸಿದಳು.
ಸೂಜಿಮೊನೆಯಿಂದ ಹುರುಪೆ ಎಣಿಸಿದಳು, ಮೂವತ್ತೇಳು.
ಮತ್ತೊಮ್ಮೆ ಎಣಿಸಿದಳು.
ಹೊರಗೆ ಊರೇ ನಿಂತಿತ್ತು, ಹೊಸಿಲು ದಾಟದೆ.
ಆಮೇಲೆ ಎರಡೂ ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿದಳು.
ಬೆಳಗಿನ ಬಿಸಿಲು ಅದು, ಸಂಜೆಯದಲ್ಲ.
ಆದರೂ.

ನಾನಾಗ ಶಾಲೆಯ ಮೇಷ್ಟ್ರು, ಜೇಬಲ್ಲಿ ರಬ್ಬರಿತ್ತು.
ಕೇಳದೆ ಕೈಚಾಚಿದಳು, ಕೊಟ್ಟೆ.
ಅಳಿಸಿದಮೇಲೂ ಬೆರಳಾಡಿಸಿದರೆ ಸಿಗುತ್ತದೆ
ಕಾಗದದೊಳಗೆ ಇಳಿದ ಆ 'ಇಲ್ಲ'.

ತಾಬಾನ್ ಬಂತು, ಕೋಕ್‌ಸೆರ್ಕೆ ಬಂತು.
ನೀರು ಸಿಹಿಯಾದಂತೆ ಚಪ್ಪಟೆ ಮೀನು ವಿರಳವಾಯಿತು.
ಆಗ ಕೊನೆಯ ಖಾಲಿ ಹಾಳೆಯಲ್ಲಿ, ಸಾಯುವ ಮುಂಚಿನ ವರ್ಷ,
ಅದಕ್ಕೂ ಒಂದು ಪುಟ ಬರೆದಳು:
ಮುಳ್ಳು ಇಷ್ಟು, ಉದ್ದ ಇಷ್ಟು, ಮೊಟ್ಟೆ ಇಂಥ ತಿಂಗಳು.
ಕಡೆಯಲ್ಲಿ, ಅವಳೂ ತಡೆಯಲಾರದೆ:
ಕಹಿ ವರ್ಷಗಳಲ್ಲಿ ಇದೊಂದೇ ನಮ್ಮ ಜೊತೆಗಿತ್ತು.

ಪಿಲ್ಮಾಯ್ ಬಂದಿಲ್ಲ.
ಈಗ ಕೀಲಿ ನನ್ನ ಹತ್ತಿರ. ಆ ಪುಟದ ಬರಹ ಮಾಸಿದಾಗೆಲ್ಲ
ಗೆರೆಯ ಮೇಲೆ ಗೆರೆ ತಿದ್ದುತ್ತೇನೆ, ಪೆನ್ಸಿಲ್ಲಿನಲ್ಲೇ.
ಡ್ರಾಯರಿನಲ್ಲಿ ಶಾಯಿ ಬಾಟಲಿ ಇದೆ, ತುಂಬಾ ಇದೆ.
ಮಕ್ಕಳು ಕೇಳುತ್ತವೆ.
ಹೆಪ್ಪುಗಟ್ಟಿದೆ ಅನ್ನುತ್ತೇನೆ.